ಪಾತ್ರಿಗೊಂದು ಕೆಲಸ

ವಾಶಿಯ ಹೋಟೆಲಿನ ಮೋಹನದಾಸರು ವಸಂತಣ್ಣನಿಗೆ ಕೆಲಸ ಕೊಡುವ ಬದಲು ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ಮೇಲೊಂದು ಲೋಟ ಕಾಫಿ ಕೊಟ್ಟು ಕಳಿಸಿದರು ಎಂದು ಗೊತ್ತಾದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಳಿಸಿದವಳು ನಾನು. ‘ನಿಮ್ಮ ಸ್ಟೋರಿಗೆ ಜನ ಬೇಕು ಅಂದ್ರಲ್ಲ, ನಮ್ಮ ಮಂದಿರದ ಪಾತ್ರಿ ವಸಂತಣ್ಣನನ್ನೇ ಕಳಿಸ್ತೇನೆ’ ಎಂದು ಫೋನಿನಲ್ಲಿ ಜಂಬದಿಂದ ಹೇಳಿದವಳೂ ನಾನೇ. ಅವರು ‘ಅಯ್ಯೋ, ವಸಂತಣ್ಣನಾ? ಬರ್ಲಿ ಬರ್ಲಿ, ನಮ್ಮ ಪುಣ್ಯ’ ಎಂದಿದ್ದರು. ನಮ್ಮ ಪುಣ್ಯ ಎಂದವರು ಕಾಯಿ ಕೈಗಿಟ್ಟು ಬೀಳ್ಕೊಟ್ಟರೆ ಅದನ್ನು ಏನೆಂದು ತಿಳಿಯಬೇಕು ಮಾರಾಯ್ರೆ? ಅವರೊಬ್ಬರೇ ಆದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಅದಕ್ಕೆ ಮೊದಲು ಕಲ್ಯಾಣದ ಹೋಟೆಲಿನವರು, ಅದಕ್ಕೂ ಮೊದಲು ಥಾಣೆಯವರು, ಎಲ್ಲರೂ ಹೀಗೇ ಮಾಡಿದ್ದರು.

ನಾನು ಉಮಾವತಿ. ಥಾಣೆಯ ಒಂದು ಕಂಪನಿಯಲ್ಲಿ, ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ವಿಭಾಗದಲ್ಲಿ ಕೂತು, ಸಾಹೇಬರಿಗಿಂತ ಜೋರು ಬಾಯಿ ಮಾಡಿ ನಿವೃತ್ತಳಾದವಳು. ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳು ಒಂದೊಂದೇ ಬಾಗಿಲು ಹಾಕಿ, ಅಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ನಮ್ಮ ಕಡೆಯ ಗಂಡಸರು ಐವತ್ತು ದಾಟಿದ ಮೇಲೆ ಕೆಲಸ ಕಳೆದುಕೊಂಡು, ಬೆಳಿಗ್ಗೆ ಹಾಲು ತರುವುದು, ಸಂಜೆ ತರಕಾರಿ ತರುವುದು, ನಡುವೆ ಹೆಂಡತಿಯ ಕಾಲಿಗೆ ಅಡ್ಡವಾಗಿ ಟೀವಿ ನೋಡುವುದು, ಇಷ್ಟರಲ್ಲೇ ಮುದುಕರಾಗುತ್ತಿದ್ದರು. ನೋಡಿ ನೋಡಿ ಸಾಕಾಗಿ, ಡೊಂಬಿವಲಿ ಪೂರ್ವದ ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಮೇಜು ಹಾಕಿ ಕೂತೆ. ವಯಸ್ಸಾದ, ಬಹಳ ಕಾಲದಿಂದ ಕೆಲಸವಿಲ್ಲದವರಿಗೆ ಕೆಲಸ ಹುಡುಕಿಕೊಡುವುದು ನನ್ನ ಕೆಲಸ, ಸಂಬಳವಿಲ್ಲದ್ದು. ಕೆಳಗೆ ಹಿಟ್ಟಿನ ಗಿರಣಿ. ಅದು ಶುರುವಾದರೆ ನನ್ನ ಮೇಜು ನಡುಗುತ್ತದೆ, ಬಂದವರ ತಲೆಯ ಮೇಲೆ ಹಿಟ್ಟು ಕೂತು ಅವರಿಗೆ ಇನ್ನೂ ವಯಸ್ಸಾದ ಹಾಗೆ ಕಾಣುತ್ತದೆ.

ಮೊದಲು ಬಂದವನು ಬಾಲಪ್ಪ. ರಾಯಚೂರು ಕಡೆಯವನು, ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊತ್ತು ಹೊತ್ತು ಸೊಂಟ ಹೋಗಿತ್ತು. ‘ಅಕ್ಕಾರ, ಹೊರೂದೊಂದ್ ಬಿಟ್ಟು ಏನ್ ಹೇಳಿದ್ರೂ ಮಾಡ್ತೀನ್ರೀ’ ಎಂದ. ಅವನನ್ನು ಕಾಮೋಠೆಯ ಒಂದು ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಕೂರಿಸಿದೆ. ಅಷ್ಟು ಸುಲಭವಾಗಿ ಅದು ಮುಗಿದದ್ದರಿಂದಲೇ ನನ್ನ ತಲೆ ತಿರುಗಿತೇನೋ. ಎರಡನೆಯವರಾಗಿ ಬಂದ ವಸಂತಕುಮಾರರನ್ನು ನೋಡಿ, ಇದು ಬಾಲಪ್ಪನಿಗಿಂತ ಸುಲಭ ಎಂದುಕೊಂಡೆ.

ವಸಂತಣ್ಣ ಉಡುಪಿ ಕಡೆಯವರು. ಬಣ್ಣದ ಕಾರ್ಖಾನೆಯೊಂದರ ಸ್ಟೋರನ್ನು ಯೌವನದಿಂದ ನೋಡಿಕೊಂಡು ಬಂದವರು, ಕಾರ್ಖಾನೆ ಮುಚ್ಚಿದ ಮೇಲೆ ಮೂರು ವರ್ಷ ಮನೆಯಲ್ಲಿದ್ದರು. ಕುಡಿತ ಇಲ್ಲ, ಜಗಳ ಇಲ್ಲ, ಅಂಗಿಗೆ ಇಸ್ತ್ರಿ ತಪ್ಪಿಸಿದವರಲ್ಲ. ಅದಕ್ಕಿಂತ ಹೆಚ್ಚಾಗಿ, ಅವರು ನಮ್ಮ ಡೊಂಬಿವಲಿಯ ಅಮ್ಮನವರ ಮಂದಿರದ ಪಾತ್ರಿ. ಪೂಜೆಯ ದಿನ ಕೆಂಪು ರೇಷ್ಮೆಯ ಪಟ್ಟೆಯುಟ್ಟು, ಕೈಯಲ್ಲಿ ಅಡಿಕೆ ಮರದ ಹಿಂಗಾರದ ಹೂ ಹಿಡಿದು ಅವರು ನಿಂತರೆ ಅವರ ಮೈಮೇಲೆ ಅಮ್ಮನವರ ದರ್ಶನ ಬರುತ್ತದೆ. ಜನ ಸಾಲಾಗಿ ನಿಂತು ಕಷ್ಟ ಹೇಳುತ್ತಾರೆ, ಅಮ್ಮ ಅವರ ಬಾಯಿಂದ ನುಡಿ ಕೊಡುತ್ತಾಳೆ. ಮಗಳ ಮದುವೆ, ಸೊಸೆಯ ಬಸಿರು, ಹೊಸ ಹೋಟೆಲಿಗೆ ಜಾಗ, ಎಲ್ಲವೂ ಅಲ್ಲಿ ಕೇಳಿಯೇ ಆಗಬೇಕು. ಥಾಣೆಯಿಂದ ಪನವೇಲ್ ತನಕ ನಮ್ಮ ಹೋಟೆಲಿನವರೆಲ್ಲ ಆ ಸಾಲಿನಲ್ಲಿ ನಿಂತವರೇ. ಇಷ್ಟು ಜನ ಕೈ ಮುಗಿಯುವ ಮನುಷ್ಯನಿಗೆ ಒಬ್ಬನಾದರೂ ಕೆಲಸ ಕೊಡದೆ ಇರುತ್ತಾನಾ ಎಂದು ನನ್ನ ಲೆಕ್ಕ.

ಮೊದಲು ಹೊರಗಿನ ಕಂಪನಿಗಳಿಗೇ ಕಳಿಸಿದೆ. ಗಾಜಿನ ಕಟ್ಟಡದ ಹುಡುಗಿಯೊಬ್ಬಳು ‘ಅಂಕಲ್, ಹಮೇ ಥೋಡಾ ಯಂಗ್ ಟೀಮ್ ಚಾಹಿಯೇ’ ಎಂದಳಂತೆ, ಅವರಿಗೆ ಎಳೆಯರೇ ಬೇಕಂತೆ. ಇನ್ನೊಂದು ಕಡೆ ಕಂಪ್ಯೂಟರಿನ ಮುಂದೆ ಕೂರಿಸಿ, ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಸಾಕು ಎಂದು ಎಬ್ಬಿಸಿದರಂತೆ. ಶಹಾಡಿನ ಹತ್ತಿರದ ಗೋದಾಮಿನವರು ‘ಕಾಕಾ, ತುಮ್ಹಿ ಆರಾಮ್ ಕರಾ’ ಎಂದರಂತೆ. ಆರಾಮ ಮಾಡು ಅನ್ನುವವರು ಮನೆಗೆ ಅಕ್ಕಿ ಕಳಿಸುತ್ತಾರಾ? ಆಮೇಲೆ ನಮ್ಮವರ ಹೋಟೆಲುಗಳ ಬಾಗಿಲು ಹಿಡಿದೆ.

ನಮ್ಮವರಲ್ಲಿ ಯಾರೂ ಇಲ್ಲ ಎನ್ನಲಿಲ್ಲ. ಅದಕ್ಕೇ ನನಗೆ ತಲೆಕೆಟ್ಟದ್ದು. ಎಲ್ಲರೂ ‘ಬನ್ನಿ’ ಎಂದರು, ಕೂರಿಸಿದರು, ತಿನ್ನಿಸಿದರು, ಹಣ್ಣು ಕೊಟ್ಟರು, ಬಾಗಿಲ ತನಕ ಬಂದು ಬೀಳ್ಕೊಟ್ಟರು. ಕೆಲಸದ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಒಂದು ಭಾನುವಾರ ವಸಂತಣ್ಣನ ಹೆಂಡತಿ ಪ್ರಫುಲ್ಲಾ ಮೇಜಿನ ಮುಂದೆ ಒಂದು ಚೀಲ ತಂದು ಇಟ್ಟಳು.

‘ಎಂತದಿದು?’ ಎಂದು ಕೇಳಿದೆ.

‘ಬಾಳೆಹಣ್ಣು. ನೀವು ಕಳಿಸಿದ ಕಡೆಯಿಂದೆಲ್ಲ ತಂದದ್ದು, ಮನೆಯಲ್ಲಿ ಕೊಳೀತಾ ಉಂಟು. ಉಮಕ್ಕಾ, ಕೆಲಸ ಸಿಗದಿದ್ರೆ ಬೇಡ, ಹಣ್ಣು ಕೊಡುವ ಕಡೆ ಇನ್ನು ಕಳಿಸ್ಬೇಡಿ.’

ನಗಬೇಕೋ ಬೇಡವೋ ತಿಳಿಯಲಿಲ್ಲ. ಪ್ರಫುಲ್ಲಾ ಒಂದು ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು, ಮನೆ ನಡೆಯುತ್ತಿದ್ದದ್ದು ಅದರಿಂದ. ಅವಳ ಜೊತೆ ಬಂದಿದ್ದ ಮಗ ಕೌಶಲ್ ಬಾಗಿಲಿಗೆ ಒರಗಿ ನಿಂತಿದ್ದ. ಅಪ್ಪ ಹೇಗಿದ್ದಾರೆ ಎಂದು ನಾನು ಕನ್ನಡದಲ್ಲಿ ಕೇಳಿದರೆ ಅವನು ‘ಪಪ್ಪಾ ಬಾತ್ ಹೀ ನಹೀಂ ಕರ್ತೇ, ಆಂಟಿ’ ಎಂದ.

ಪ್ರಫುಲ್ಲಾ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ‘ಹೌದು ಉಮಕ್ಕಾ. ಮನೆಯಲ್ಲಿ ಮಾತೇ ಬಿಟ್ಟಿದ್ದಾರೆ. ಊಟಕ್ಕೆ ಕರೆದ್ರೆ ಬಂದು ಕೂತ್ಕೊಳ್ತಾರೆ, ತಿಂದು ಏಳ್ತಾರೆ. ಅವರ ಸ್ವರ ಕೇಳ್ಬೇಕಾದ್ರೆ ನಾನು ದರ್ಶನದ ದಿನ ಮಂದಿರಕ್ಕೇ ಹೋಗ್ಬೇಕು. ಹೀಗೇ ಇನ್ನೊಂದು ವರ್ಷ ಆದ್ರೆ ಈ ಮನುಷ್ಯ ಉಳಿಯುದಿಲ್ಲ, ನಾನು ಹೇಳ್ತೇನೆ ನೋಡಿ.’

‘ನೀನೇ ಸಾಲಿನಲ್ಲಿ ನಿಂತು ಅಮ್ಮನ ಹತ್ರ ಕೇಳ್ಬಾರ್ದಾ?’

‘ಹೇಗೆ ಕೇಳುದು? ಎದುರು ನಿಂತದ್ದು ಗಂಡನೇ ಅಲ್ವಾ? ನನ್ನ ಗಂಡನಿಗೆ ಕೆಲಸ ಕೊಡು ಅಂತ ಗಂಡನನ್ನೇ ಕೇಳಿದ ಹಾಗೆ ಆಗ್ತದೆ. ನನಗೆ ನಾಚಿಕೆ’ ಎಂದು ಅವಳು ಅಳುವುದರ ನಡುವೆಯೇ ನಕ್ಕಳು.

ನನಗೆ ಸಂಶಯ ಬಂದದ್ದು ವಸಂತಣ್ಣನ ಮೇಲೆಯೇ. ಇಷ್ಟು ಕಡೆ ಹೋಗಿ ಕೆಲಸ ತಾರದೆ ಬರುವವರು ಅಲ್ಲಿ ಹೋಗಿ ಎಂತ ಮಾಡುತ್ತಾರೆ? ಗತ್ತು ತೋರಿಸುತ್ತಾರಾ? ಮುಂದಿನ ಭಾನುವಾರ ಅವರನ್ನು ಕರೆಸಿ ತಾಲೀಮು ಶುರು ಮಾಡಿದೆ. ನಾನು ಧಣಿ, ಅವರು ಕೆಲಸ ಕೇಳಲು ಬಂದವರು.

‘ಬನ್ನಿ, ಕೂತ್ಕೊಳ್ಳಿ. ನಿಮಗೆ ಯಾಕೆ ಕೆಲಸ ಕೊಡ್ಬೇಕು?’

ಅವರು ಕೂತರು. ಬೆನ್ನು ನೆಟ್ಟಗೆ, ಕೈಗಳು ತೊಡೆಯ ಮೇಲೆ. ನನ್ನನ್ನೇ ನೋಡಿದರು. ಆ ನೋಟಕ್ಕೆ ನಾನೇ ನನ್ನ ಮೊಣಕಾಲಿನ ನೋವಿನ ಕತೆ ಹೇಳಲು ಬಾಯಿ ತೆರೆದೆ, ನೋಡಿ! ಹಾಗಿದೆ ಆ ಮನುಷ್ಯ ಕೂರುವ ರೀತಿ. ಕೂತರೆ ಸಾಕು, ಎದುರಿನವರು ಕಷ್ಟ ಹೇಳಿಕೊಳ್ಳಬೇಕು.

‘ಬಾಯಿ ಬಿಡಿ ವಸಂತಣ್ಣ! ಕೆಲಸ ಬೇಕು ಅಂತ ಹೇಳಿ!’

‘ಅವರಿಗೆ ಗೊತ್ತುಂಟಲ್ಲ ಉಮಕ್ಕಾ’ ಎಂದರು ಮೆಲ್ಲಗೆ. ‘ನಾನು ಹೋದದ್ದು ಯಾಕೆ ಅಂತ ಅವರಿಗೆ ಗೊತ್ತುಂಟು.’

ಅಷ್ಟರಲ್ಲಿ ಬಾಲಪ್ಪ ಮೆಟ್ಟಿಲು ಹತ್ತಿ ಬಂದ, ಗೇಟಿನ ಕೆಲಸ ಸಿಕ್ಕ ಖುಷಿಗೆ ನನಗೆ ಬಿಸಿ ಭಜಿ ತಂದಿದ್ದ. ವಸಂತಣ್ಣನನ್ನು ನೋಡಿ, ‘ಏನ್ರೀ ಅಣ್ಣಾರ, ನಿಮ್ದಿನ್ನೂ ಆಗ್ಲಿಲ್ಲೇನು? ಹಿಂಗ್ ಗುಮ್ ಅಂತ ಕುಂತ್ರ ಯಾರ್ ಕೊಡ್ತಾರ್ರೀ ಕೆಲ್ಸಾ, ನಗ್ರಿ ಚೂರು’ ಎಂದು ಬೆನ್ನಿಗೊಂದು ಗುದ್ದಿದ. ಅಲ್ಲೇ ಇದ್ದ ಮಂದಿರದ ಕಾರ್ಯದರ್ಶಿ ರಘುಪತಿ ‘ಹೇ, ಹೇ, ಯಾರನ್ನು ಮುಟ್ಟಿದೆ ಗೊತ್ತುಂಟಾ?’ ಎಂದು ಹಾರಿಬಿದ್ದರು. ಬಾಲಪ್ಪನಿಗೆ ಗೊತ್ತಿರಲಿಲ್ಲ. ವಸಂತಣ್ಣ ಮಾತ್ರ ನಕ್ಕರು. ಹಲ್ಲು ಕಾಣುವ ಹಾಗೆ ನಕ್ಕು, ಬಾಲಪ್ಪನ ಪೊಟ್ಟಣದಿಂದ ಒಂದು ಭಜಿ ತೆಗೆದುಕೊಂಡರು. ಆ ನಗೆ ನೋಡಿ, ಗತ್ತಿನ ಮನುಷ್ಯ ಹೀಗೆ ನಗುವುದಿಲ್ಲವಲ್ಲ ಎಂದು ನನ್ನ ಗೊಂದಲ ಇನ್ನಷ್ಟಾಯಿತು.

ಇನ್ನು ಕಣ್ಣಾರೆ ನೋಡಿಯೇ ಬಿಡುವುದೆಂದು ನಾನೇ ಅವರ ಜೊತೆ ಹೊರಟೆ. ಮೋಹನದಾಸರು ಕಾಮೋಠೆಯಲ್ಲಿ ಎರಡನೆಯ ಹೋಟೆಲು ತೆರೆದಿದ್ದರು, ಅಲ್ಲಿಗೂ ಸ್ಟೋರಿಗೆ ಜನ ಬೇಕಿತ್ತು. ಎರಡು ಲೋಕಲ್ ಗಾಡಿ ಬದಲಿಸಿ, ಬೆವರು ಸುರಿಸಿಕೊಂಡು ಹೋದೆವು. ನಾವು ಒಳಗೆ ಕಾಲಿಟ್ಟದ್ದೇ ಮೋಹನದಾಸರು ಗಲ್ಲಾದಿಂದ ಎದ್ದರು. ಎದ್ದರೋ, ಚಪ್ಪಲಿ ಬಿಟ್ಟರು. ಚಪ್ಪಲಿ ಬಿಟ್ಟರೋ, ಗಲ್ಲಾದ ಕುರ್ಚಿಯನ್ನೇ ಎಳೆದು ವಸಂತಣ್ಣನನ್ನು ಕೂರಿಸಿದರು. ನನಗೆ ಪ್ಲಾಸ್ಟಿಕ್ ಸ್ಟೂಲು. ಕಾಫಿ ಬಂತು. ಆಮೇಲೆ ಆ ಧಣಿ, ಎರಡು ಹೋಟೆಲಿನ ಧಣಿ, ಕೈ ಕಟ್ಟಿ ನಿಂತು, ‘ವಸಂತಣ್ಣ, ದಿಶಾಳಿಗೆ ಬಂದ ಸಂಬಂಧ ಮುಂದೆ ಹೋಗ್ಲಿಕ್ಕೆ ಅಡ್ಡಿ ಇಲ್ಲ ಅಲ್ವಾ? ಅಮ್ಮ ಆವತ್ತು ಒಪ್ಪಿದ್ದು ಹೌದಲ್ವಾ?’ ಎಂದು ಮಗಳ ಮದುವೆಯ ಮಾತು ತೆಗೆದರು. ವಸಂತಣ್ಣ ನೆಲ ನೋಡುತ್ತಾ ‘ಅಮ್ಮ ಹೇಳಿದ್ದು ನನಗೆ ನೆನಪಿರುದಿಲ್ಲ’ ಎಂದರು. ಅವರು ಕೆಲಸ ಕೇಳಲು ಬಂದವರು ಎಂಬುದನ್ನು ಆ ಹೋಟೆಲಿನಲ್ಲಿ ನೆನಪಿಟ್ಟುಕೊಂಡವಳು ನಾನೊಬ್ಬಳೇ.

ಹಣ್ಣಿನ ಚೀಲ ಬರುವುದಕ್ಕೆ ಮೊದಲೇ ನಾನು ಎದ್ದು, ಮೋಹನದಾಸರನ್ನು ಅಡಿಗೆಮನೆಯ ಬಾಗಿಲಿಗೆ ಎಳೆದುಕೊಂಡು ಹೋದೆ.

‘ನಿಮಗೆ ನಾಚಿಕೆ ಆಗುದಿಲ್ವಾ? ಅವರ ಕಾಲಿಗೆ ಬೀಳ್ತೀರಿ, ಒಂದು ಕೆಲಸ ಕೊಡ್ಲಿಕ್ಕೆ ಆಗುದಿಲ್ಲ?’

‘ಅಕ್ಕಾ, ಕೊಡಬಾರ್ದು ಅಂತ ಅಲ್ಲ.’ ಅವರ ಮುಖ ನಿಜವಾಗಿಯೂ ಸಪ್ಪಗಾಗಿತ್ತು. ‘ಹೋಟೆಲ್ ಅಂದ್ರೆ ನಿಮಗೆ ಗೊತ್ತುಂಟಲ್ಲ. ಬೆಳಿಗ್ಗೆ ಹಾಲು ಬರದಿದ್ರೆ, ಹಿಟ್ಟು ಹುಳಿಯಾದ್ರೆ, ನಾನು ಬಾಯಿಗೆ ಬಂದ ಹಾಗೆ ಬೈತೇನೆ. ಬೈಯದಿದ್ರೆ ಹೋಟೆಲ್ ನಡೀತದಾ? ಇವರಿಗೆ ನಾನು ಬೈಯುದು ಹೇಗೆ? ಬೆಳಿಗ್ಗೆ ಬೈದು ಸಂಜೆ ಅವರ ಎದುರು ಕೈ ಮುಗಿದು ಅಮ್ಮಾ ಕಾಪಾಡು ಅನ್ನುದು ಹೇಗೆ? ನೀವೇ ಹೇಳಿ. ನೀವೂ ಫೋನಿನಲ್ಲಿ ಪಾತ್ರಿ ಪಾತ್ರಿ ಅಂತ ಹೇಳ್ತೀರಿ.’

ಅದು ನಿಜ. ಸ್ಟೋರಿನವ ಎಂದು ಕಳಿಸುವುದು ಬಿಟ್ಟು ದೇವರು ಬರುವ ಮನುಷ್ಯ ಎಂದು ಊರೆಲ್ಲ ಸಾರಿ ಕಳಿಸಿದ್ದು ನಾನು. ಆದರೆ ಹೇಳದಿದ್ದರೂ ಇವರಿಗೆಲ್ಲ ಗೊತ್ತೇ ಇತ್ತಲ್ಲ? ಗೊತ್ತಿಲ್ಲದ ಕಡೆ ವಯಸ್ಸಾಯಿತು ಎನ್ನುತ್ತಾರೆ, ಗೊತ್ತಿದ್ದ ಕಡೆ ದೇವರಾದರು ಎನ್ನುತ್ತಾರೆ. ಹಾಗಾದರೆ ಈ ಮನುಷ್ಯ ಎಲ್ಲಿ ಹೋಗಿ ದುಡಿಯಬೇಕು?

ವಾಪಸು ಬರುವಾಗ ಗಾಡಿಯಲ್ಲಿ ಸೀಟು ಸಿಕ್ಕಿತು. ನಾನು ಸುತ್ತು ಬಳಸಿ ಮಾತಾಡುವವಳಲ್ಲ. ‘ವಸಂತಣ್ಣ, ಪಾತ್ರಿ ಕೆಲಸ ಬಿಟ್ಟುಬಿಡಿ’ ಎಂದೆ.

ಅವರು ಕಿಟಕಿಯಾಚೆ ನೋಡುತ್ತಿದ್ದರು. ‘ಅದು ಕೆಲಸ ಅಲ್ಲ ಉಮಕ್ಕಾ. ನಾನು ಹಿಡಿದದ್ದಲ್ಲ, ನಾನು ಬಿಡುದು ಹೇಗೆ? ಚೆಂಡೆ ಬಾರಿಸ್ತಾರೆ, ಹೂ ಕೈಗೆ ಕೊಡ್ತಾರೆ. ಆಮೇಲೆ ಎಳನೀರು ಕುಡಿಯುವಾಗಲೇ ನನಗೆ ಗೊತ್ತಾಗುದು. ನಡುವೆ ಎಂತ ಆಯ್ತು ಗೊತ್ತಿಲ್ಲ.’

‘ಹೂ ತೆಕ್ಕೊಳ್ಳದಿದ್ರಾಯ್ತು.’

‘ಅಷ್ಟು ಜನ ಕಾಯ್ತಾರಲ್ಲ.’ ಕಿಟಕಿಯಿಂದ ನನ್ನ ಕಡೆ ತಿರುಗಿ, ‘ಮತ್ತೆ ಕೆಲಸ ಹೋದ ಮೇಲೆ ನನಗೆ ಅಂತ ಕಾಯುವವರು ಆ ಜನ ಮಾತ್ರ’ ಎಂದರು.

ಮನೆಗೆ ಬಂದು ಅಡಿಗೆ ಮಾಡಲೂ ಮನಸ್ಸಾಗದೆ ಮಲಗಿದೆ. ಬಿಡಿಸಿದರೆ ಆ ಮನುಷ್ಯನಿಗೆ ಇರುವ ಒಂದೇ ಮರ್ಯಾದೆ ಹೋಗುತ್ತದೆ, ಬಿಡಿಸದಿದ್ದರೆ ಕೆಲಸ ಇಲ್ಲ. ಕಂಪನಿಯಲ್ಲಿ ನಾನು ಎಷ್ಟೋ ಗಂಟುಗಳನ್ನು ಬಿಡಿಸಿದ್ದೇನೆ, ಇದರ ತುದಿ ಎಲ್ಲಿದೆ ಎಂದೇ ತಿಳಿಯಲಿಲ್ಲ.

ಆಮೇಲೆ ನವರಾತ್ರಿ ಬಂತು. ಶುಕ್ರವಾರ ಸಂಜೆ ಮಂದಿರದಲ್ಲಿ ಕಾಲಿಡಲು ಜಾಗವಿಲ್ಲ. ಮಂದಿರ ಎಂದರೆ ಹಳೆಯ ಕಟ್ಟಡದ ನೆಲಮಾಳಿಗೆಯ ದೊಡ್ಡ ಕೋಣೆ, ಹೊರಗೆ ರಿಕ್ಷಾಗಳ ಹಾರ್ನು, ಒಳಗೆ ಚೆಂಡೆ, ಜಾಗಟೆ. ಮೋಹನದಾಸರು ಮನೆಯವರನ್ನೆಲ್ಲ ಕರೆತಂದಿದ್ದರು. ಹಣ್ಣು ಕೊಟ್ಟ ಕಲ್ಯಾಣದವರು, ಥಾಣೆಯವರು, ಎಲ್ಲ ಅಲ್ಲೇ. ವಸಂತಣ್ಣನ ಕೈಗೆ ರಘುಪತಿ ಹಿಂಗಾರ ಕೊಟ್ಟರು. ಚೆಂಡೆ ಏರಿತು, ಅವರ ಭುಜ ನಡುಗಿತು, ಆಮೇಲೆ ಮೈಯೆಲ್ಲ. ಸಾಲು ಮುಂದೆ ಸರಿಯಿತು.

ನಾನು ಸಾಮಾನ್ಯವಾಗಿ ಆ ಸಾಲಿನಲ್ಲಿ ನಿಲ್ಲುವವಳಲ್ಲ. ದೂರದಿಂದ ಕೈ ಮುಗಿದು, ಪ್ರಸಾದ ತಿಂದು ಹೋಗುವವಳು. ಅವತ್ತು ಹೇಗೆ ನಿಂತೆನೋ ಗೊತ್ತಿಲ್ಲ. ನನ್ನ ಸರದಿ ಬಂತು. ಹತ್ತಿರದಿಂದ ನೋಡಿದರೆ ಅದು ನಾನು ಬಲ್ಲ ಮುಖವೇ ಅಲ್ಲ. ಕಣ್ಣು ಅರೆಮುಚ್ಚಿ, ಉಸಿರು ಜೋರಾಗಿ, ಹಣೆಯ ಕುಂಕುಮ ಬೆವರಿನಲ್ಲಿ ಇಳಿದಿತ್ತು.

‘ಏನು ಸಂಕಟ ಮಗಳೇ?’ ನನಗಿಂತ ಚಿಕ್ಕವರ ಬಾಯಿಂದ ಆ ಮಾತು ಬಂದಾಗ ನಾನು ತಲೆ ಬಗ್ಗಿಸಿ ಕೈ ಮುಗಿದೆ.

‘ಅಮ್ಮಾ’ ಎಂದೆ. ನನ್ನ ಜೋರು ಬಾಯಿ ಎಲ್ಲಿ ಹೋಯಿತೋ. ‘ವಸಂತಕುಮಾರ ಅಂತ ಒಬ್ಬರು. ಕೆಲಸ ಹೋಗಿ ಮೂರು ವರ್ಷ ಆಯ್ತು. ವಯಸ್ಸಾಯ್ತು ಅಂತ ಯಾರೂ ಕೊಡುದಿಲ್ಲ, ನಮ್ಮವರೂ ಕೊಡುದಿಲ್ಲ. ಅವರಿಗೊಂದು ದಾರಿ ತೋರಿಸ್ಬೇಕು.’

ಹಿಂದಿನಿಂದ ಯಾರೋ ‘ಅಯ್ಯಯ್ಯೋ’ ಎಂದರು. ರಘುಪತಿ ನನ್ನ ತೋಳು ಹಿಡಿದು ಎಳೆದರು. ಪ್ರಫುಲ್ಲಾ ಕಂಬದ ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡಳು. ಚೆಂಡೆಯವನಿಗೂ ಕೇಳಿಸಿತೇನೋ, ಕೈ ನಿಧಾನವಾಯಿತು.

ಹಿಂಗಾರ ಅಲುಗುವುದು ನಿಂತಿತು.

‘ನನ್ನ ಪಾತ್ರಿ ನನಗೆ ಗೊತ್ತುಂಟು’ ಎಂದಿತು ಆ ಸ್ವರ. ‘ವಸಂತಕುಮಾರ ಯಾರು?’

ರಘುಪತಿ ನನ್ನ ತೋಳು ಬಿಟ್ಟರು.

‘ಊರೆಲ್ಲ ನನ್ನ ಎದುರು ಬಂದು ನಿಂತಿದೆ, ಕೇಳಿದೆ. ಅವನು ಒಮ್ಮೆಯಾದ್ರೂ ಬಂದು ನಿಂತಿದ್ದಾನಾ? ಅವನ ಬದಲು ನೀನು ಯಾಕೆ ಕೇಳುದು? ಬೇಕಾದವನು ಬರ್ಲಿ. ಎದುರು ನಿಂತು, ಬಾಯಿ ಬಿಟ್ಟು ಕೇಳ್ಲಿ.’

ನನ್ನ ಅಂಗೈಗೆ ಗಂಧ ಬಿತ್ತು. ಹಿಂದೆ ನಿಂತವರು ನನ್ನನ್ನು ಬದಿಗೆ ತಳ್ಳಿದರು. ಗೋಡೆ ಹಿಡಿದು ನಿಂತೆ.

ದರ್ಶನ ಇಳಿದ ಮೇಲೆ ವಸಂತಣ್ಣ ಎಂದಿನಂತೆ ಎಳನೀರು ಕುಡಿಯುತ್ತಾ ಕೂತಿದ್ದರು. ಸುತ್ತಲಿನವರು ಗುಸುಗುಸು ಮಾತಾಡುತ್ತಾ, ಅವರು ತಲೆಯೆತ್ತಿದರೆ ಸುಮ್ಮನಾಗುತ್ತಾ ಇದ್ದರು.

‘ಉಮಕ್ಕಾ, ಎಲ್ಲರ ಮುಖ ಯಾಕೆ ಹೀಗುಂಟು? ಅಮ್ಮ ಎಂತ ಹೇಳಿದ್ರು?’

ಹೇಳಲೋ ಬೇಡವೋ? ನಿಜವಾಗಿ ಗೊತ್ತಿಲ್ಲದೆ ಕೇಳುತ್ತಿದ್ದಾರಾ, ಗೊತ್ತಿದ್ದೂ ಕೇಳುತ್ತಿದ್ದಾರಾ? ಅವರ ಮುಖದಲ್ಲಿ ಕಳ್ಳತನ ಹುಡುಕಿದೆ. ಕಂಪನಿಯಲ್ಲಿ ಸುಳ್ಳು ಹೇಳುವವರನ್ನು ಎದುರು ಕೂರಿಸಿಕೊಂಡು ಹಿಡಿದವಳು ನಾನು. ಇಲ್ಲಿ ಕಂಡದ್ದು ದಣಿವು ಮಾತ್ರ. ಹೇಳಿದೆ, ಒಂದು ಮಾತೂ ಬಿಡದೆ.

ಅವರು ಎಳನೀರನ್ನು ಕೆಳಗಿಟ್ಟರು. ‘ನಾನು ಎದುರು ಹೋಗಿ ನಿಂತ್ರೆ, ಅಲ್ಲಿ ನಿಲ್ಲುದು ಯಾರು?’ ಎಂದರು.

ಆಮೇಲೆ ನಮ್ಮವರ ಬಾಯಿಗೆ ಬಿಡುವಿಲ್ಲ. ಅಮ್ಮ ಪಾತ್ರಿಯನ್ನು ಬೇಡವೆಂದಿದ್ದಾಳೆ ಎಂದರು ಕೆಲವರು. ಪಾತ್ರಿಯ ಪರೀಕ್ಷೆ ಮಾಡುತ್ತಿದ್ದಾಳೆ ಎಂದರು ಇನ್ನು ಕೆಲವರು. ವಸಂತಣ್ಣನೇ ಹಾಗೆ ಹೇಳಿದ್ದು ಎಂದು ಬೆನ್ನ ಹಿಂದೆ ಹೇಳಿದವರೂ ಇದ್ದರು. ಅವರೇ ಹೇಳುವುದಾದರೆ ಇವನಿಗೆ ಕೆಲಸ ಕೊಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ, ಮೋಹನದಾಸರು ಗಲ್ಲಾ ಸಮೇತ ಬಿಟ್ಟುಕೊಡುತ್ತಿದ್ದರು! ರಘುಪತಿಯಂತೂ ‘ಕೇಳ್ಬಾರದ್ದನ್ನು ಕೇಳಿದ್ದು ನೀವು’ ಎಂದು ನನಗೇ ಬೈದರು. ಕೇಳಬಾರದ್ದು ಅದರಲ್ಲಿ ಎಂತ ಇತ್ತು ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ.

ಮುಂದಿನ ಸಂಕ್ರಮಣದ ಪೂಜೆಗೆ ಜನ ನವರಾತ್ರಿಗಿಂತ ಹೆಚ್ಚು ಬಂದಿದ್ದರು. ಪಟ್ಟೆ, ಹಿಂಗಾರ ತಯಾರು ಮಾಡಿ ರಘುಪತಿ ಬಾಗಿಲು ನೋಡುತ್ತಾ ನಿಂತಿದ್ದರು. ವಸಂತಣ್ಣ ಬಂದರು. ಪ್ಯಾಂಟು, ಒಳಗೆ ಸೇರಿಸಿದ ನೀಲಿ ಗೆರೆಯ ಅಂಗಿ. ಅದು ನನಗೆ ಗುರುತು ಸಿಕ್ಕಿತು, ಕೆಲಸ ಕೇಳಲು ಹೋಗುವಾಗ ಹಾಕುವ ಅಂಗಿ. ಚಪ್ಪಲಿ ಬಿಟ್ಟು, ಬಂದು ಸಾಲಿನ ಕೊನೆಯಲ್ಲಿ ನಿಂತರು.

‘ವಸಂತಣ್ಣ, ಎಂತ ಇದು? ಒಳಗೆ ಬನ್ನಿ’ ಎಂದು ರಘುಪತಿ ಹೂ ಚಾಚಿದರು.

ಅವರು ಹೂ ತೆಗೆದುಕೊಳ್ಳಲಿಲ್ಲ. ಅವರ ಮುಂದೆ ನಿಂತವರೆಲ್ಲ ಬೆಂಕಿ ಕಂಡ ಹಾಗೆ ಬದಿಗೆ ಸರಿದರು. ಅವರಿಗೂ ಗುಡಿಯ ದೀಪಕ್ಕೂ ನಡುವೆ ಯಾರೂ ಉಳಿಯಲಿಲ್ಲ. ಚೆಂಡೆ ಮೊಳಗುತ್ತಲೇ ಇತ್ತು. ಯಾರ ಮೈಯೂ ನಡುಗಲಿಲ್ಲ. ಪಾತ್ರಿ ನಿಲ್ಲುವ ಜಾಗ ಖಾಲಿ ಇತ್ತು. ವಸಂತಣ್ಣ ಆ ಖಾಲಿ ಜಾಗದ ಎದುರು ಹೋಗಿ ಕೈ ಮುಗಿದರು. ಚೆಂಡೆಯವನು ತಾನಾಗಿ ನಿಲ್ಲಿಸಿದ.

ಕೆಮ್ಮಿದರು. ನಮಗೆಲ್ಲ ಅಭಯ ಕೊಟ್ಟ ಗಂಟಲು, ಅದರಿಂದ ಒಂದು ಸಣ್ಣ, ಒಡಕು ಸ್ವರ ಹೊರಟಿತು.

‘ಅಮ್ಮಾ, ನಾನು ವಸಂತಕುಮಾರ. ಕಾರ್ಖಾನೆ ಮುಚ್ಚಿದ ಮೇಲೆ ನನಗೆ ಕೆಲಸ ಇಲ್ಲ. ಮನೆಯಲ್ಲಿ ಕೂತು ಕೂತು ಸಾಕಾಯ್ತು. ಹೆಂಡತಿ ದುಡಿದು ಬಂದು ಬಡಿಸುವಾಗ ನನಗೆ ತಲೆ ಎತ್ಲಿಕ್ಕೆ ಆಗುದಿಲ್ಲ. ನನಗೊಂದು ಕೆಲಸ ಬೇಕು. ಯಾವುದಾದ್ರೂ ಅಡ್ಡಿ ಇಲ್ಲ.’

ಅಷ್ಟು ಹೇಳಿ ಅಲ್ಲೇ ಅತ್ತುಬಿಟ್ಟರು, ಎಲ್ಲರೆದುರು, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಾ. ನುಡಿ ಕೊಡುವವರು ಯಾರೂ ಇರಲಿಲ್ಲ. ಜನ ದೀಪ ನೋಡಿದರು, ಒಬ್ಬರನ್ನೊಬ್ಬರು ನೋಡಿದರು, ರಘುಪತಿಯ ಕೈಯಲ್ಲಿದ್ದ ಹೂ ನೋಡಿದರು. ಈಗ ಏನು ಮಾಡಬೇಕೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗಂತೂ ಯಾಕಾದರೂ ಕೇಳಿದೆನೋ, ಈ ಮನುಷ್ಯನನ್ನು ಯಾಕಾದರೂ ಇಲ್ಲಿ ತಂದು ನಿಲ್ಲಿಸಿದೆನೋ ಅನ್ನಿಸಿತು.

ಕಂಬದ ಹತ್ತಿರ ಯಾರೋ ಗಂಟಲು ಸರಿಮಾಡಿಕೊಂಡರು. ಮೋಹನದಾಸರು.

‘ನಾಳೆ ಬೆಳಿಗ್ಗೆ ಬೇಗ ಬರ್ಲಿಕ್ಕೆ ಆಗ್ತದಾ?’ ಎಂದರು, ಎಲ್ಲೋ ನೋಡುತ್ತಾ. ‘ವಾಶಿಗೆ. ಸ್ಟೋರು ಕಸದ ಗುಂಡಿ ಆಗಿ ಬಿದ್ದಿದೆ. ಲೇಟಾದ್ರೆ ನನಗೆ ಆಗುದಿಲ್ಲ, ಈಗ್ಲೇ ಹೇಳ್ತೇನೆ.’

‘ಬರ್ತೇನೆ’ ಎಂದರು ವಸಂತಣ್ಣ.

ಇಷ್ಟಾದ ಮೇಲೆ ನಾನು ಸಂತೋಷವಾಗಿರಬೇಕಿತ್ತು. ಆದರೆ ಆಮೇಲಿನ ಪೂಜೆಗಳಲ್ಲಿ ದರ್ಶನ ಬರಲೇ ಇಲ್ಲ. ವಸಂತಣ್ಣ ಕೆಲಸ ಮುಗಿಸಿ ಬಂದು ಎಲ್ಲರ ನಡುವೆ ನಿಂತು ಕೈ ಮುಗಿದು ಹೋಗುತ್ತಾರೆ. ಹೊಸಬರ ಕೈಗೆ ಹೂ ಕೊಟ್ಟು ನೋಡಿದರು, ಹೂ ಬಾಡಿತು ಅಷ್ಟೆ. ‘ಒಬ್ಬರಿಗೆ ಕೆಲಸ ಕೊಡಿಸ್ಲಿಕ್ಕೆ ಹೋಗಿ ಊರಿಗೆಲ್ಲ ದೇವರ ಮಾತು ಇಲ್ಲದ ಹಾಗೆ ಮಾಡಿದ್ರಿ’ ಎಂದು ರಘುಪತಿ ಮುಖ ತಿರುಗಿಸುತ್ತಾರೆ. ಮಗಳ ಮದುವೆ ನಿಶ್ಚಯಿಸಲು ಕಾಯುವವರು, ಮನೆ ಮಾರಬೇಕೋ ಬೇಡವೋ ಎಂದು ತಿಳಿಯದವರು, ದಾರಿಯಲ್ಲಿ ಸಿಕ್ಕರೆ ನನ್ನನ್ನೇ ನೋಡುತ್ತಾರೆ, ನಾನು ಉತ್ತರ ಬಚ್ಚಿಟ್ಟುಕೊಂಡಿದ್ದೇನೋ ಎನ್ನುವ ಹಾಗೆ. ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ? ಇದನ್ನು ಕೇಳೋಣವೆಂದರೂ ಕೇಳುವ ಜಾಗ ಖಾಲಿ ಇದೆ.

ಮೊನ್ನೆ ವಾಶಿಗೆ ಹೋದವಳು ಮೋಹನದಾಸರ ಹೋಟೆಲಿಗೆ ಹೊಕ್ಕೆ. ಬಾಗಿಲಲ್ಲೇ ಕೇಳಿಸಿತು, ಧಣಿಗಳ ಗರ್ಜನೆ.

‘ತೆಂಗಿನಕಾಯಿ ತರುವಾಗ ಅಲುಗಿಸಿ ನೋಡ್ಲಿಕ್ಕೆ ಆಗುದಿಲ್ವಾ ನಿಮಗೆ? ಅರ್ಧ ಚೀಲ ಕೊಳೆತದ್ದು! ಚಟ್ನಿಗೆ ನನ್ನ ತಲೆ ಹಾಕುದಾ? ಇಷ್ಟು ವಯಸ್ಸಾಯ್ತು, ನಿಮಗೆ ಕಣ್ಣು ಇಲ್ವಾ?’

ವಸಂತಣ್ಣ ಚೀಲದ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ನನ್ನನ್ನು ಕಂಡದ್ದೇ ಮೋಹನದಾಸರ ಬಾಯಿ ಕಟ್ಟಿತು. ವಸಂತಣ್ಣ ಚೀಲ ಎಳೆದುಕೊಂಡು ಒಳಗೆ ಹೋದ ಮೇಲೆ ನನ್ನ ಹತ್ತಿರ ಬಂದು, ‘ಎಂತ ಮಾಡುದು ಅಕ್ಕಾ, ಬೈದು ಆದ ಮೇಲೆ ಒಳಗೆ ಹೋಗಿ ಅಮ್ಮನ ಫೋಟೋಕ್ಕೆ ಕೈ ಮುಗಿದು ಬರ್ತೇನೆ. ದಿನಾ’ ಎಂದು ಪಿಸುಗುಟ್ಟಿದರು. ಹೇಳಿದ ಹಾಗೇ ಹೋಗಿ ಕೈ ಮುಗಿದು ಬಂದರು.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಪ್ರಫುಲ್ಲಾಳ ಫೋನು ಬಂತು.

‘ಉಮಕ್ಕಾ, ಇವರಿಗೆ ನೀವಾದ್ರೂ ಸ್ವಲ್ಪ ಹೇಳಿ. ಬಂದಾಗಿಂದ ಬಾಯಿ ಮುಚ್ಚಿಲ್ಲ, ನನ್ನ ತಲೆ ತಿಂತಾ ಇದ್ದಾರೆ. ಧಣಿ ಹೀಗೆ ಬೈದ್ರು, ಕಾಯಿಯವ ಹಾಗೆ ಮೋಸ ಮಾಡಿದ, ನಾಳೆ ಅವನನ್ನು ಬಿಡುದಿಲ್ಲ ಅಂತ. ಕೌಶಲ್ ನಗ್ತಾ ಬಿದ್ದಿದ್ದಾನೆ.’

ಅವಳು ಬಯ್ಯುವ ಹಾಗೆ ಹೇಳುತ್ತಿದ್ದಳು, ಆದರೆ ನಡುನಡುವೆ ಮೂಗು ಒರೆಸಿಕೊಳ್ಳುವುದು ಕೇಳಿಸುತ್ತಿತ್ತು. ಹಿಂದಿನಿಂದ ವಸಂತಣ್ಣನ ಸ್ವರ ಕೇಳುತ್ತಿತ್ತು. ‘ಸಮಾ ಬೈದ್ರು ಗೊತ್ತುಂಟಾ, ಎಲ್ಲರೆದುರು!’ ಎಂದು ಮಗನಿಗೋ, ಅವಳಿಗೋ, ಗೋಡೆಗೋ ಹೇಳುತ್ತಿದ್ದರು. ನವರಾತ್ರಿಯ ದಿನ ವಸಂತಕುಮಾರ ಯಾರು ಎಂದು ಕೇಳಿದ ಸ್ವರ ಇದೇನಾ, ಬೇರೆಯಾ ಎಂದು ಕಿವಿಗೊಟ್ಟು ಕೇಳಿದೆ. ನನಗೆ ಗೊತ್ತಾಗಲಿಲ್ಲ.

‘ಫೋನು ಇಡಬೇಡ ಪ್ರಫುಲ್ಲಾ’ ಎಂದೆ. ‘ಅವರು ಮಾತಾಡ್ಲಿ.’